ಅರವತ್ತನಾಲ್ಕು ಲಿಫ್ಟುಗಳ ಯಜಮಾನ

"ಸಾವಿರಾರು ಪ್ರಕರಣಗಳನ್ನು ಭೇದಿಸಿದ ಅನುಭವಿ" ಎಂಬ ಸಾಲಿನ ಮೇಲೆ ರೈಟರಮ್ಮ ಕೆಂಪು ಪೆನ್ನಿನಿಂದ ಗೀಟು ಎಳೆದರು. ಒಂದು ಗೀಟು ಸಾಲದೆನಿಸಿ ಇನ್ನೊಂದು ಎಳೆದರು.

"ನಾನು ಏನನ್ನೂ ಭೇದಿಸಿಲ್ಲ ಕಣೇ. ಭೇದಿಸಿದವ್ರು ಹೇಳಿದ್ದನ್ನ ಬರ್ಕೊಂಡೆ. ಇಪ್ಪತ್ತೆಂಟು ವರ್ಷ ಬರ್ಕೊಂಡೆ. ಹಾಗಂತ ಹಾಕು."

"ಹಾಗಂತ ಹಾಕಿದ್ರೆ ಕೆಲ್ಸ ಯಾರು ಕೊಡ್ತಾರೆ ದೊಡ್ಡಮ್ಮ?" ಎಂದಳು ಪುಟ್ಟಿ, ಕಂಪ್ಯೂಟರಿನಿಂದ ತಲೆ ಎತ್ತದೆ.

ಪುಟ್ಟಿ ರೈಟರಮ್ಮನ ತಂಗಿಯ ಮಗಳು. ಇಪ್ಪತ್ತಾರು ತುಂಬಿದರೂ ಪುಟ್ಟಿಯೇ. ಬೀಗದ ಕೈ ಮಾಡಿಕೊಡುವ ಅಂಗಡಿಯ ಮೇಲಿನ ಈ ಎರಡು ಕೋಣೆಯ ಕಚೇರಿಗೆ ಅವಳೇ ಗುಮಾಸ್ತೆ, ಅವಳೇ ಸಹಾಯಕಿ. ದೊಡ್ಡಮ್ಮನಿಗೆ ಬುದ್ಧಿ ಹೇಳುವ ಧೈರ್ಯವಿರುವ ಏಕೈಕ ಪ್ರಾಣಿಯೂ ಅವಳೇ.

ರೈಟರಮ್ಮ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಆಗಿದ್ದು ನಿವೃತ್ತರಾದವರು. ಸುಮ್ಮನೆ ಕೂರಲಾಗದೆ ಈ ಕಚೇರಿ ತೆರೆದಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವರು ತಮ್ಮ ಬಗ್ಗೆ ಹೇಳಿಕೊಂಡದ್ದರಲ್ಲಿ ನಿಜವೆಷ್ಟು, ಬೊಗಳೆಯೆಷ್ಟು ಎಂದು ಕಂಪನಿಗಳಿಗೆ ಪತ್ತೆ ಮಾಡಿಕೊಡುವುದು ದಿನನಿತ್ಯದ ಕಸುಬು. ಈಗ ಆ ಕಂಪನಿಗಳೇ ಪಟ್ಟು ಹಿಡಿದಿದ್ದವು. ಉದ್ಯೋಗಸ್ಥರೆಲ್ಲ ಸೇರುವ ಆ ಜಾಲತಾಣದಲ್ಲಿ ನಿಮ್ಮದೂ ಒಂದು ಪ್ರೊಫೈಲ್ ಇದ್ದರೆ ಮಾತ್ರ ಕೆಲಸ ಕೊಡುತ್ತೇವೆ ಅಂದಿದ್ದವು.

ಹಾಗಾಗಿ ಮೂರು ದಿನದಿಂದ ಈ ಜಗ್ಗಾಟ. ಪರದೆಯ ಮೇಲೆ ಓದಿದ್ದು ರೈಟರಮ್ಮನಿಗೆ ಓದಿದಂತಲ್ಲ. ಕಾಗದದ ಮೇಲೆ ಬರಬೇಕು, ಕೆಳಗೆ ತಾರೀಖು ಬೀಳಬೇಕು, ಆಗಲೇ ಅದು ಮಾತು. ಪುಟ್ಟಿ ಒಂದೊಂದು ಕರಡನ್ನೂ ಪ್ರಿಂಟ್ ತೆಗೆಯುವುದು, ದೊಡ್ಡಮ್ಮ ಅದನ್ನು ಕೆಂಪು ಮಾಡಿ ಮೇಜಿನಾಚೆಗೆ ತಳ್ಳುವುದು. ಈಗ ನಡೆಯುತ್ತಿದ್ದದ್ದು ಏಳನೆಯದು.

"ಕೌಶಲ್ಯಗಳು ಅಂತ ಒಂದು ಪಟ್ಟಿ ಇದೆ, ಅದರಲ್ಲಿ ಐದು ಆರಿಸ್ಬೇಕು. ನಾಯಕತ್ವ, ತಂಡದ ಕೆಲ್ಸ, ಸಕಾರಾತ್ಮಕ ಚಿಂತನೆ..."

ರೈಟರಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಪುಟ್ಟಿ ಸಕಾರಾತ್ಮಕ ಚಿಂತನೆಯನ್ನು ತಾನಾಗಿಯೇ ಅಳಿಸಿದಳು.

ಇದೆಲ್ಲ ನಡೆಯುವಾಗ ಗೋಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಎರಡು ಕೈಯನ್ನೂ ತೊಡೆಯ ಸಂದಿಯಲ್ಲಿಟ್ಟುಕೊಂಡು ಕುಳಿತಿದ್ದ. ಹತ್ತು ದಿನದ ಹಿಂದೆ, ಶನಿವಾರ ಸಂಜೆ ನಾಲ್ಕಕ್ಕೆ, ಆರು ಮಹಡಿಯ ಬಟ್ಟೆ ಗೋದಾಮಿನ ಸಾಮಾನು ಲಿಫ್ಟ್ ಬ್ರೇಕು ಹಿಡಿಯದೆ ಕೆಳಗೆ ಬಿದ್ದು ಅದನ್ನು ಓಡಿಸುತ್ತಿದ್ದ ಲಿಫ್ಟಣ್ಣ ಸತ್ತಿದ್ದ. ಆ ಲಿಫ್ಟು ನೋಡಿಕೊಳ್ಳುತ್ತಿದ್ದವನು ನೀನೇ ಎಂದು ಪೊಲೀಸರು ಈ ಮೆಕ್ಯಾನಿಕ್‌ನ ಕೊರಳಿಗೆ ಬಿದ್ದಿದ್ದರು.

ಆ ಕಟ್ಟಡದೊಳಗೆ ಕಾಲಿಟ್ಟು ಎರಡು ವರ್ಷವಾಯಿತು ಎಂದು ಅವನು ಮೊದಲ ದಿನದಿಂದಲೂ ಆಣೆ ಮಾಡುತ್ತಿದ್ದ. ಅದನ್ನು ರುಜುವಾತು ಮಾಡಿಕೊಡಿ ಎಂದು ಅವನು ಬಂದು ಬೇಡಿದ್ದರಿಂದ, ಅವನ ಮಾತನ್ನು ನಂಬಿ ರೈಟರಮ್ಮ ಎಂಟು ದಿನ ಚಪ್ಪಲಿ ಸವೆಸಿದ್ದರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನು ಠಾಣೆಗೆ ಹಾಜರಾಗಬೇಕು. ತಾನು ಅಲ್ಲಿಗೆ ಹೋಗಿರಲಿಲ್ಲ ಎನ್ನಲು ಏನಾದರೂ ಕೈಯಲ್ಲಿದ್ದರೆ ಸರಿ. ಇಲ್ಲವಾದರೆ ಅಲ್ಲಿಂದ ಸೀದಾ ಲಾಕಪ್ಪು, ಲೈಸೆನ್ಸ್ ರದ್ದು.

"ಮೇಡಮ್, ಆ ಸಾಲು ತೆಗೆದುಬಿಡ್ಲಾ?" ಎಂದ ಮೆಕ್ಯಾನಿಕ್. ಬೆಳಗಿನಿಂದ ಇದು ನಾಲ್ಕನೆಯ ಸಲ.

ಅವನ ಪ್ರಾಣ ಹಿಂಡುತ್ತಿದ್ದ ಸಾಲು ಅವನದೇ ಪ್ರೊಫೈಲಿನಲ್ಲಿತ್ತು. "ನಗರದ ಅರವತ್ತನಾಲ್ಕು ಲಿಫ್ಟುಗಳ ಸಂಪೂರ್ಣ ಹೊಣೆ, ಪ್ರತಿ ತಿಂಗಳೂ ಖುದ್ದು ತಪಾಸಣೆ." ಕೆಳಗೆ ಕಟ್ಟಡಗಳ ಪಟ್ಟಿ. ಒಂಬತ್ತನೆಯದು ಆ ಗೋದಾಮು.

ಅವನು ದುಡಿಯುವ ಲಿಫ್ಟ್ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಲಿಫ್ಟುಗಳನ್ನು ರೂಟುಗಳಾಗಿ ಹಂಚಿ ಒಂದೊಂದು ರೂಟನ್ನು ಒಬ್ಬ ಹಿರಿಯ ಮೆಕ್ಯಾನಿಕ್‌ನ ಹೆಸರಿಗೆ ಬರೆಯುವುದು. ಹೆಸರು ಒಬ್ಬನದು, ಹೋಗುವುದು ಆ ದಿನ ಯಾರ ಕೈ ಖಾಲಿ ಇದೆಯೋ ಅವರು, ತಪಾಸಣೆಯ ಕಾರ್ಡಿನಲ್ಲಿ ಅವರು ಹಾಕುವುದೂ ಆ ಒಬ್ಬನ ಸಹಿಯನ್ನೇ. ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ರೂಟಿನ ಅಷ್ಟೂ ಲಿಫ್ಟುಗಳನ್ನು ತಮ್ಮವೆಂದೇ ಹೇಳಿಕೊಂಡು ತಿರುಗುವವರು. ಇವನು ಬೇರೆ ಕಡೆ ಇನ್ಸ್‌ಪೆಕ್ಟರ್ ಕೆಲಸಕ್ಕೆ ಕಣ್ಣು ಹಾಕಿದ್ದ. ಹೇಳಿಕೊಳ್ಳುವುದು ಸಾಲದೆಂದು ಬರೆದೂ ಇಟ್ಟಿದ್ದ.

"ಈಗ ತೆಗೆದ್ರೆ ಪೊಲೀಸ್ರು ಏನಂತಾರೆ ಗೊತ್ತಾ?" ರೈಟರಮ್ಮ ಪೆನ್ನನ್ನು ಮೇಜಿಗೆ ಕುಕ್ಕಿದರು. "ಸಾಕ್ಷಿ ಅಳಿಸಿದ ಅಂತಾರೆ. ಬರೆಯೋವಾಗ ಬುದ್ಧಿ ಎಲ್ಲಿಗೆ ಹೋಗಿತ್ತಪ್ಪ ನಿಂಗೆ?"

ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಅವನು ಗೊಣಗಿದ. ಏನು ಸೇರಿಸಬೇಕು, ಏನು ಬಿಡಬೇಕು ಎಂದು ತನಗೆ ಹೇಳಿಕೊಡುವವರು ಯಾರಿದ್ದರು ಎಂದ. ಕೆಲಸ ನೋಡಿದ ಐದು ಜನರಿಂದ ನಾಲ್ಕು ಒಳ್ಳೆಯ ಮಾತು ಬರೆಸಿಕೊಂಡರೆ ಬೇಗ ಕೆಲಸ ಸಿಗುತ್ತದೆ ಎಂದು ಆ ತಾಣವೇ ಹೇಳುತ್ತದಂತೆ. ಅದಕ್ಕೂ ಅಲೆದದ್ದಾಗಿತ್ತು.

ರೈಟರಮ್ಮನಿಗೆ ಮೈ ಪರಚಿಕೊಳ್ಳುವಂತಾಯಿತು. ಠಾಣೆಯಲ್ಲಿದ್ದಾಗ ಜನ ಮಾಡಿದ್ದನ್ನು ಮಾಡಿಲ್ಲವೆಂದು ಬರೆಸುತ್ತಿದ್ದರು. ಅದಕ್ಕೆ ಒಂದು ಅರ್ಥವಿತ್ತು. ಮಾಡದೇ ಇದ್ದದ್ದನ್ನು ಮಾಡಿದ್ದೇನೆಂದು ತಾವಾಗಿಯೇ ಬರೆದು, ಕೆಳಗೆ ನಗುವ ಫೋಟೊ ಅಂಟಿಸುವ ಜನರನ್ನು ಅವರು ಕಂಡದ್ದು ಈ ಕಸುಬಿಗೆ ಬಂದ ಮೇಲೆಯೇ.

ಆ ಸಾಲನ್ನು ಯಾವತ್ತು ಸೇರಿಸಿದ್ದು, ಮೊದಲು ಏನಿತ್ತು ಎಂಬುದೆಲ್ಲ ಖಾತೆಯ ಒಳಗೆ ಸಿಗುತ್ತದೆ ಎಂದಳು ಪುಟ್ಟಿ. ಪಾಸ್‌ವರ್ಡ್ ಕೊಟ್ಟರೆ ಪೂರ್ತಿ ಪ್ರಿಂಟ್ ತೆಗೆಯಬಹುದು. ಕಂಪನಿಯ ಪದ್ಧತಿಯಂತೆ ಬರೆದುಕೊಂಡ ಜಂಬವಷ್ಟೇ, ನಿಜವಲ್ಲ ಎಂದು ವಕೀಲರು ವಾದಿಸಲು ಒಂದು ದಾರಿಯಾಗುತ್ತದೆ.

ಮೆಕ್ಯಾನಿಕ್ ಸ್ವಲ್ಪ ಹೊತ್ತು ತನ್ನ ಹೆಬ್ಬೆರಳಿನ ಉಗುರು ನೋಡಿಕೊಂಡ. ಆಮೇಲೆ ಒಂದು ಪಾಸ್‌ವರ್ಡ್ ಹೇಳಿದ. ಅದು ತಪ್ಪಾಗಿತ್ತು. ಇನ್ನೊಂದು ಹೇಳಿದ. ಅದೂ ತಪ್ಪು. ನೆನಪಿಗೆ ಬರುತ್ತಿಲ್ಲ, ಆಮೇಲೆ ಹೇಳುತ್ತೇನೆ ಎಂದ.

"ಎದುರಿನ ಕ್ಯಾಂಟೀನಲ್ಲಿ ಕೂತ್ಕೊಂಡು ನೆನಪು ಮಾಡ್ಕೋ. ಊರು ಬಿಟ್ಟು ಹೋಗ್ಬೇಡ" ಎಂದು ರೈಟರಮ್ಮ ಕೊಡೆ ತೆಗೆದುಕೊಂಡು ಎದ್ದರು. "ಪುಟ್ಟಿ, ಅವತ್ತು ಲಿಫ್ಟ್ ಕಂಪನಿ ಮ್ಯಾನೇಜರ್‌ದು ತೆಗೆದ ಪ್ರಿಂಟ್ ಕೊಡು."

* * *

ಲಿಫ್ಟ್ ಕಂಪನಿಯ ಸರ್ವೀಸ್ ಕಚೇರಿ ಒಂದು ಉದ್ದನೆಯ ನೆಲಮಾಳಿಗೆ. ಒಂದು ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಬಾಗಿಲ ಕೀಲಿ, ಕೀಲಿಯ ಮೇಲೆ ಕಟ್ಟಡದ ನಂಬರು. ಇನ್ನೊಂದು ಬದಿಗೆ ಟ್ರೇಗಳಲ್ಲಿ ಲಿಫ್ಟುಗಳಿಂದ ಕಿತ್ತು ತಂದ ಒತ್ತುಗುಂಡಿಗಳು. ಮೂರನೆಯ ಮಹಡಿಯ ಗುಂಡಿಗಳೇ ಹೆಚ್ಚು ಸವೆದಿದ್ದವು. ಅದೇಕೆಂದು ಬೇರೆ ದಿನವಾಗಿದ್ದರೆ ರೈಟರಮ್ಮ ಕೇಳುತ್ತಿದ್ದರು.

ಒಳಗೆ ಮ್ಯಾನೇಜರ್ ಒಬ್ಬನೇ ಇದ್ದ. ಒಂಬತ್ತು ಖಾಲಿ ಕುರ್ಚಿ, ಒಂದು ಕೆಂಪು ಫೋನು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಕರೆಯುವುದು ಅದಕ್ಕೇ.

ಅವನದು ಒಳ್ಳೆಯ ಮಾತಿನ ಬಾಯಿ. ಕೂರಿಸಿದ, ನೀರು ಕೊಟ್ಟ, ಸತ್ತವನ ಬಗ್ಗೆ ಎರಡು ಸಲ ಲೊಚಗುಟ್ಟಿದ. ಆಮೇಲೆ ಕೈ ತೊಳೆದುಕೊಂಡ. ರೂಟು ಅವನ ಹೆಸರಿಗಿದೆ, ಮೆಷಿನ್ ರೂಮಿನ ತಪಾಸಣೆ ಕಾರ್ಡಿನಲ್ಲಿ ಅವನ ಸಹಿ ಇದೆ, ಅವನ ಪ್ರೊಫೈಲಿನಲ್ಲಿ ಅವನೇ ಕೊಂಬು ಕಹಳೆ ಊದಿಕೊಂಡಿದ್ದಾನೆ, ಇನ್ನು ಕಂಪನಿ ಹೇಳುವುದೇನಿದೆ ಎಂದ.

"ಒಬ್ಬ ಮನುಷ್ಯ ತಿಂಗಳಿಗೆ ಅರವತ್ತನಾಲ್ಕು ಲಿಫ್ಟ್ ನೋಡೋಕೆ ಆಗುತ್ತಾ?" ಎಂದು ಕೇಳಿದರು ರೈಟರಮ್ಮ.

ಆಗುತ್ತದೆ ಎಂದು ತಾನೆಲ್ಲಿ ಹೇಳಿದೆ, ಹಾಗೆ ಹೇಳಿಕೊಂಡವನು ಅವನು ಎಂದ ಮ್ಯಾನೇಜರ್.

ರೈಟರಮ್ಮ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಅದು ಮ್ಯಾನೇಜರ್‌ನದೇ ಪ್ರೊಫೈಲ್. ಲಿಫ್ಟ್ ಬಿದ್ದ ಎರಡು ದಿನಕ್ಕೆ, ಸೋಮವಾರ, ಪುಟ್ಟಿಯಿಂದ ತೆಗೆಸಿದ್ದು. ಕೆಳಗೆ ತಾರೀಖು ಹಾಕಿ, ಬೀಗದಂಗಡಿಯವನಿಂದ ಸಾಕ್ಷಿ ಸಹಿಯನ್ನೂ ಮಾಡಿಸಿದ್ದರು. ಆ ದಿನ ಪುಟ್ಟಿ ನಕ್ಕಿದ್ದಳು.

"ಮೂರನೇ ಸಾಲು ಓದಿ."

ಅವನು ಓದಲಿಲ್ಲ. ರೈಟರಮ್ಮನೇ ಓದಿದರು. "ಒಬ್ಬ ಮೆಕ್ಯಾನಿಕ್ ಮೂವತ್ತೆರಡು ಲಿಫ್ಟ್ ನೋಡಿಕೊಳ್ಳುತ್ತಿದ್ದ ವ್ಯವಸ್ಥೆಯನ್ನು ಅರವತ್ತನಾಲ್ಕಕ್ಕೆ ಏರಿಸಿದ ಸಾಧನೆ." ಓದಿ ಕನ್ನಡಕ ತೆಗೆದರು. "ಇವತ್ತು ಬೆಳಿಗ್ಗೆ ನೋಡಿದ್ರೆ ಈ ಸಾಲು ಇಲ್ಲ. ಇದರ ಜಾಗದಲ್ಲಿ 'ಸುರಕ್ಷತೆಯೇ ಮೊದಲು ಎಂಬುದು ನನ್ನ ಧ್ಯೇಯ' ಅಂತಿದೆ. ಯಾವಾಗಿಂದಪ್ಪ ಈ ಧ್ಯೇಯ?"

ಮ್ಯಾನೇಜರ್‌ನ ಮುಖದಲ್ಲಿ ನೀರಿಳಿಯಿತು. ಆದರೆ ಅವನು ತಡಬಡಾಯಿಸಲಿಲ್ಲ. ಕಾಗದವನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದ.

"ಅದು ಸುಳ್ಳು ಮೇಡಮ್. ನಾನಲ್ಲ ಮಾಡಿದ್ದು, ಮೇಲಿನವ್ರು ಮಾಡಿದ್ದು. ಚೆನ್ನಾಗಿ ಕಾಣುತ್ತೆ ಅಂತ ನನ್ನದು ಅಂತ ಹಾಕ್ಕೊಂಡಿದ್ದೆ. ಪ್ರೊಫೈಲಲ್ಲಿ ನಿಜ ಯಾರು ಬರೀತಾರೆ?"

ರೈಟರಮ್ಮ ತೆಗೆದ ಕನ್ನಡಕವನ್ನು ಸೆರಗಿನಿಂದ ಒರೆಸಿದರು. ಬೆಳಗಿನಿಂದ ಇದು ಎರಡನೆಯದು. ಅಲ್ಲೊಬ್ಬ ತಾನು ಬುರುಡೆಗಾರ, ಆದ್ದರಿಂದ ನಿರಪರಾಧಿ ಎನ್ನುತ್ತಾನೆ. ಇಲ್ಲಿ ಇನ್ನೊಬ್ಬ ಅದನ್ನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೇಳುತ್ತಾನೆ. ತಾವು ಸುಳ್ಳುಗಾರರೆಂದು ರುಜುವಾತು ಮಾಡಲು ಇಷ್ಟು ಹುರುಪಿನಿಂದ ಹೊರಟವರನ್ನು ಅವರು ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲ.

ಕೆಂಪು ಫೋನು ಬಡಿದುಕೊಂಡಿತು. ಯಾವುದೋ ದಂತವೈದ್ಯರ ಕಟ್ಟಡದಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದರು. ಗಾಬರಿಯಾಗಬೇಡಿ, ಹದಿನೈದು ನಿಮಿಷದಲ್ಲಿ ನಮ್ಮವರು ಬರುತ್ತಾರೆ ಎಂದು ಮ್ಯಾನೇಜರ್ ಹೇಳಿ ಫೋನಿಟ್ಟ. ರೈಟರಮ್ಮ ಒಂಬತ್ತು ಖಾಲಿ ಕುರ್ಚಿಗಳ ಕಡೆ ನೋಡಿದರು. ಅವನೂ ನೋಡಿದ.

"ಈ ಕಾಗದ ನಾಳೆ ಹನ್ನೊಂದಕ್ಕೆ ಅವನ ಜೊತೆ ಠಾಣೆಗೆ ಹೋಗುತ್ತೆ" ಎಂದು ರೈಟರಮ್ಮ ಎದ್ದರು. "ಸುಳ್ಳು ಅಂತ ಅಲ್ಲಿಗೇ ಬಂದು ಬರ್ಕೊಡಿ."

ಮ್ಯಾನೇಜರ್ ಆಗ ದೂರು ಪುಸ್ತಕ ತೆಗೆದ. ತೆಗೆಯಲೋ ಬೇಡವೋ ಎಂದು ಬಹಳ ಹೊತ್ತಿನಿಂದ ಯೋಚಿಸುತ್ತಿದ್ದವನಂತೆ ಕಂಡ.

"ನೀವು ಅವನ್ನ ನಂಬಿದೀರಿ. ನಂಬಿ, ನನ್ನದೇನಿಲ್ಲ. ಲಿಫ್ಟ್ ಬೀಳೋಕೆ ಮೂರು ದಿನ ಮುಂಚೆ, ಬುಧವಾರ, ಗೋದಾಮಿನ ಯಜಮಾನ ಫೋನ್ ಮಾಡಿ ನಂಗೆ ಬಾಯಿಗೆ ಬಂದಂಗೆ ಬೈದ. ನಿಮ್ಮ ಮೆಕ್ಯಾನಿಕ್ ಬಂದು ಲಿಫ್ಟ್ ನಿಲ್ಸಿ ಕೆಂಪು ಬೋರ್ಡು ನೇತುಹಾಕಿ ಹೋಗಿದಾನೆ, ಸಾಮಾನೆಲ್ಲ ನಿಂತೋಗಿದೆ ಅಂದ. ನಾನು ಯಾರನ್ನೂ ಕಳ್ಸಿರ್ಲಿಲ್ಲ. ಶುಕ್ರವಾರ ಬೈಗುಳ ನಿಂತ್ಹೋಯ್ತು. ಯಾರು ಹೋಗಿದ್ರು, ಯಾಕೆ ನಿಂತ್ಹೋಯ್ತು ಅಂತ ಅವನ್ನೇ ಕೇಳಿ."

ದೂರು ಪುಸ್ತಕದಲ್ಲಿ ಬುಧವಾರದ ಸಾಲು ಇತ್ತು. ಶಾಯಿ ಹಳೆಯದೇ. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ನಡುವೆ ತುರುಕಿದ್ದಲ್ಲ. ಅದನ್ನು ತಿಳಿಯಲು ರೈಟರಮ್ಮನಿಗೆ ಭೂತಗನ್ನಡಿ ಬೇಕಿರಲಿಲ್ಲ.

ಹೊರಗೆ ಬಂದಾಗ ಅವರಿಗೆ ಮ್ಯಾನೇಜರ್ ಮೇಲಿನ ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧ ಕ್ಯಾಂಟೀನಿನ ಕಡೆ ತಿರುಗಿತ್ತು.

* * *

ಕ್ಯಾಂಟೀನಿನ ಗಾಜಿನ ಬಾಗಿಲಿನಾಚೆ ಮೆಕ್ಯಾನಿಕ್ ಖಾಲಿ ಲೋಟದ ಮುಂದೆ ಕುಳಿತಿದ್ದ. ರೈಟರಮ್ಮ ಅವನನ್ನು ಮಾತಾಡಿಸದೆ ಮೆಟ್ಟಿಲು ಹತ್ತಿದರು. ಪ್ರಶ್ನೆ ಕೇಳುವ ಮೊದಲು ಉತ್ತರ ಕೈಯಲ್ಲಿರಬೇಕು ಎಂಬುದು ಠಾಣೆಯಲ್ಲಿ ಕಲಿತ ಪಾಠ.

"ಅವನ ಹೆಂಡ್ತಿಗೆ ಫೋನ್ ಹಚ್ಚು" ಎಂದರು ಪುಟ್ಟಿಗೆ.

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಫೋನ್ ಎತ್ತಿಕೊಂಡಳು. ಪಾಸ್‌ವರ್ಡ್ ಮರೆಯುವ ಪೈಕಿ ಅಲ್ಲ ಅವರು, ಕ್ಯಾಲೆಂಡರಿನ ಹಿಂದೆ ಅವರೇ ಬರೆದಿಟ್ಟಿದ್ದಾರಲ್ಲ ಎಂದಳು. ಎರಡೇ ನಿಮಿಷದಲ್ಲಿ ಓದಿ ಹೇಳಿದಳು. ಇದರಿಂದ ಅವರಿಗೆ ಒಳ್ಳೆಯದಾಗುತ್ತದೆ ತಾನೇ ಅಕ್ಕ ಎಂದು ಕೇಳಿದಳು. ಪುಟ್ಟಿ ಹೂಂ ಅಂದಳು. ದೊಡ್ಡಮ್ಮ ಕಿಟಕಿಯ ಕಡೆ ತಿರುಗಿಕೊಂಡರು.

ಖಾತೆ ತೆರೆಯಿತು. ಮೆಕ್ಯಾನಿಕ್ ಪ್ರೊಫೈಲಿನಲ್ಲಿ ಮಾಡಿದ ತಿದ್ದುಪಡಿಗಳು ಒಂದೊಂದಾಗಿ ಸಾಲಾಗಿ ನಿಂತವು. ಮೊದಲು "ಲಿಫ್ಟ್ ಮೆಕ್ಯಾನಿಕ್" ಅಷ್ಟೇ ಇತ್ತು. ಅದು "ಹಿರಿಯ ಮೆಕ್ಯಾನಿಕ್" ಆಗಿ, "ನಿರ್ವಹಣಾ ತಜ್ಞ" ಆಗಿ, ಕೊನೆಗೆ ಅರವತ್ತನಾಲ್ಕು ಲಿಫ್ಟುಗಳ ಯಜಮಾನನಾಗಿ ಬೆಳೆದದ್ದನ್ನು ನೋಡಿ ರೈಟರಮ್ಮನಿಗೆ ಅಯ್ಯೋ ಅನ್ನಿಸಿತು. ಹದಿನೈದು ವರ್ಷ ಕೈ ಕಪ್ಪು ಮಾಡಿಕೊಂಡವನು. ಮೊದಲಿನ ಎರಡು ಪದವೇ ಸಾಕಿತ್ತು.

"ದೊಡ್ಡಮ್ಮ, ಇಲ್ಲಿ ಶಿಫಾರಸು ಅಂತ ಇದೆ ನೋಡಿ. ಬೇರೆಯವ್ರು ಇವ್ನ ಬಗ್ಗೆ ಬರೆದಿದ್ದು. ಬರೆದ ತಕ್ಷಣ ಎಲ್ರಿಗೂ ಕಾಣ್ಸಲ್ಲ. ಇವ್ನು ಸೇರಿಸು ಅಂದ್ರೆ ಮಾತ್ರ ಕಾಣುತ್ತೆ." ಪುಟ್ಟಿ ಎಣಿಸಿದಳು. "ನಾಲ್ಕು ಸೇರ್ಸಿದಾನೆ. ಐದನೇದು ಹಾಗೇ ಬಿಟ್ಟಿದಾನೆ."

ಐದನೆಯದನ್ನು ತೆರೆದಳು. ಪಕ್ಕದಲ್ಲಿ ಒಂದು ಪುಟ್ಟ ಫೋಟೊ. ಖಾಕಿ ಅಂಗಿ, ನರೆತ ಮೀಸೆ, ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ ಮುಖ. "ಲಿಫ್ಟ್ ಆಪರೇಟರ್, ಹನ್ನೊಂದು ವರ್ಷ."

ಲಿಫ್ಟಣ್ಣ.

ರೈಟರಮ್ಮ ಜನ್ಮದಲ್ಲಿ ಮೊದಲ ಬಾರಿಗೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. ಮೊದಲು ಮೂಲೆಯಲ್ಲಿದ್ದ ತಾರೀಖು, ಆಮೇಲೆ ಬರಹ.

"ಹನ್ನೊಂದು ವರ್ಷದಿಂದ ಲಿಫ್ಟ್ ಓಡಿಸುತ್ತಿದ್ದೇನೆ. ಈ ತಮ್ಮನಷ್ಟು ಜವಾಬ್ದಾರಿ ಇರುವ ಮೆಕ್ಯಾನಿಕ್‌ನನ್ನು ನೋಡಿಲ್ಲ. ಬುಧವಾರ ಬ್ರೇಕಿನಲ್ಲಿ ಶಬ್ದ ಬರುತ್ತಿದೆ ಎಂದಾಗ ತಾನೇ ಬಂದು ನೋಡಿ, ಲಿಫ್ಟ್ ನಿಲ್ಲಿಸಿ, ಕೆಂಪು ಬೋರ್ಡು ತೂಗುಹಾಕಿದ. ಶುಕ್ರವಾರ ತಾನೇ ಫೋನ್ ಮಾಡಿ ಬೋರ್ಡು ತೆಗೆ ಎಂದ, ತೆಗೆದೆ. ಅವನ ಮಾತನ್ನು ನಾನು ಯಾವತ್ತೂ ಮೀರಿಲ್ಲ."

ರೈಟರಮ್ಮ ಎರಡನೆಯ ಸಲ ಓದಿದರು. ಎರಡು ವರ್ಷದಿಂದ ಕಾಲಿಟ್ಟಿಲ್ಲ ಎಂದು ಆಣೆ ಮಾಡಿದ್ದನಲ್ಲ. ಎಂಟು ದಿನ ತಾವು ಹೊತ್ತು ತಿರುಗಿದ್ದು ಆ ಆಣೆಯನ್ನೇ. ಸಿಟ್ಟು ಬಂತು, ಅವನ ಮೇಲೊಂದಿಷ್ಟು, ತಮ್ಮ ಮೇಲೇ ಬಹಳಷ್ಟು.

"ಫೋಟೊ ತೆಗೀತೀನಿ" ಎಂದು ಪುಟ್ಟಿ ಮೊಬೈಲ್ ಎತ್ತಿದಳು.

"ಮೊಬೈಲಿನ ಚಿತ್ರ ಯಾರಿಗೆ ಬೇಕು? ಪ್ರಿಂಟ್ ತೆಗಿ. ತಾರೀಖು ಹಾಕಿ, ಕೆಳಗಿನವನನ್ನ ಕರೆದು ಸಹಿ ಮಾಡ್ಸೋಣ."

"ಒಂದು ಸೆಕೆಂಡ್ ದೊಡ್ಡಮ್ಮ, ಮೊದ್ಲು ಇದು..."

"ಪ್ರಿಂಟ್ ಅಂದೆ."

ಪುಟ್ಟಿ ಮೊಬೈಲ್ ಕೆಳಗಿಟ್ಟು ಪ್ರಿಂಟ್ ಒತ್ತಿದಳು. ಯಂತ್ರ ಒಂದು ಸಲ ಕೆಮ್ಮಿ, ಕೆಂಪು ದೀಪ ಹೊತ್ತಿಸಿಕೊಂಡು ಸುಮ್ಮನಾಯಿತು. ಟ್ರೇ ಖಾಲಿ. ದೊಡ್ಡಮ್ಮನ ಪ್ರೊಫೈಲಿನ ಏಳು ಕರಡುಗಳು ಇದ್ದಬದ್ದ ಕಾಗದವನ್ನೆಲ್ಲ ತಿಂದು ಮುಗಿಸಿದ್ದವು.

ಏಳನೆಯ ಕರಡನ್ನೇ ಬೋರಲು ಹಾಕಿ, ಮಡಿಕೆ ಸರಿಮಾಡಿ, ಪುಟ್ಟಿ ಟ್ರೇಗೆ ತುರುಕಿದಳು. ಮತ್ತೆ ಒತ್ತಿದಳು. ಈ ಸಲ ಕಾಗದ ಹೊರಗೆ ಬಂತು. ಅದರ ಮೇಲೆ ಒಂದೇ ಸಾಲಿತ್ತು.

"ನೀವು ಹುಡುಕುತ್ತಿರುವ ಶಿಫಾರಸು ಈಗ ಇಲ್ಲ."

ಪರದೆಯ ಮೇಲೂ ಅದೇ. ಖಾಕಿ ಅಂಗಿ ಇಲ್ಲ, ಮೀಸೆ ಇಲ್ಲ, ಬುಧವಾರ ಇಲ್ಲ, ಶುಕ್ರವಾರ ಇಲ್ಲ. ಪುಟ್ಟಿ ದೊಡ್ಡಮ್ಮನ ಮುಖ ನೋಡಿದಳು. ನಾನು ಹೇಳಲಿಲ್ಲವೇ ಎನ್ನಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯ ಹುಡುಗಿ. ರೈಟರಮ್ಮ ಆ ಕಾಗದವನ್ನು ತಿರುಗಿಸಿದರು. ಹಿಂಬದಿಯಲ್ಲಿ ಅವರದೇ ಎರಡು ಕೆಂಪು ಗೀಟು. ತಮ್ಮ ಹಟಕ್ಕೆ ತಾವೇ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಮೆಟ್ಟಿಲ ಮೇಲೆ ಸದ್ದಾಯಿತು. ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಮೊಬೈಲಿತ್ತು.

"ಬೇರೆ ಯಾರೋ ನಿಮ್ಮ ಖಾತೆ ತೆರೆದಿದಾರೆ ಅಂತ ಮೆಸೇಜ್ ಬಂತು" ಎಂದ. "ಅದನ್ನ ಸೇರ್ಸೋದು ಬೇಡ ಅಂತ ಮೊದ್ಲೇ ಅಂದ್ಕೊಂಡಿದ್ದೆ ಮೇಡಮ್. ಅಳಿಸೋಕೆ ಮಾತ್ರ ಕೈ ಬಂದಿರ್ಲಿಲ್ಲ. ಈಗ ಅಳಿಸ್ಬಿಟ್ಟೆ."

"ಶುಕ್ರವಾರ ಫೋನ್ ಮಾಡಿದ್ದು ನೀನೇನಾ?"

ಅವನು ಬೆಂಚಿನ ಮೇಲೆ ಕುಳಿತ. ನಾನೇ ಎಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಬುಧವಾರ ಲಿಫ್ಟಣ್ಣ ಕರೆದಿದ್ದ. ರೂಟಿನ ಲೆಕ್ಕ ತಪ್ಪಿಸಿ, ಕಂಪನಿಗೆ ಹೇಳದೆ ಹೋಗಿದ್ದ. ಬ್ರೇಕಿನ ಪಟ್ಟಿ ಸವೆದಿತ್ತು, ನಿಲ್ಲಿಸಿ ಬೋರ್ಡು ಹಾಕಿದ. ಹೊಸ ಪಟ್ಟಿ ಬರಲು ವಾರ ಬೇಕಿತ್ತು. ಅಲ್ಲಿಯವರೆಗೆ ಬಟ್ಟೆಯ ಮೂಟೆಗಳನ್ನು ಮೆಟ್ಟಿಲ ಮೇಲೆ ಹೊರುವ ಕೆಲಸವನ್ನು ಗೋದಾಮಿನವರು ಲಿಫ್ಟಣ್ಣನ ಬೆನ್ನಿಗೇ ಹಾಕಿದ್ದರು.

"ಐವತ್ತೆಂಟು ವರ್ಷ ಮೇಡಮ್ ಅವ್ರಿಗೆ. ಗುರುವಾರ ರಸ್ತೇಲಿ ಸಿಕ್ಕಿದ್ರು, ಸೊಂಟ ನೆಟ್ಟಗೆ ಮಾಡೋಕಾಗ್ತಿರ್ಲಿಲ್ಲ. ಶುಕ್ರವಾರ ಫೋನ್ ಮಾಡಿ, ಎರಡು ಮೂಟೆಗಿಂತ ಜಾಸ್ತಿ ಹಾಕ್ಬೇಡಿ ಅಂತ ಹೇಳಿ, ಬೋರ್ಡು ತೆಗೀರಿ ಅಂದೆ. ಪಾಪ ಅಂತ ಅಂದೆ." ಮುಖವನ್ನು ತೋಳಿನಿಂದ ಒರೆಸಿಕೊಂಡ. "ಅವ್ರು ಸತ್ತ ಮೇಲೆ ನೋಡಿದ್ರೆ ನನ್ನ ಬಗ್ಗೆ ಇಷ್ಟು ಒಳ್ಳೇದು ಬರ್ದಿದಾರೆ. ಆಗ ಹೇಗೆ ಅಳಿಸ್ಲಿ?"

ಬೈಯಲೆಂದು ಎತ್ತಿದ ಕೆಂಪು ಪೆನ್ನನ್ನು ರೈಟರಮ್ಮ ಕೆಳಗಿಟ್ಟರು. ಆ ಮನುಷ್ಯ ತನ್ನ ಬಗ್ಗೆ ಬರೆದುಕೊಂಡದ್ದರಲ್ಲಿ ಬಿಟ್ಟದ್ದು ಒಂದೇ ಒಂದು ಸಂಗತಿ. ಅವನು ನಿಜವಾಗಿ ಮಾಡಿದ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಅದರಲ್ಲೇ ಇತ್ತು.

ಅವರು ಕುರ್ಚಿ ಎಳೆದು ಅವನ ಎದುರಿಗೆ ಕುಳಿತರು.

"ಅದನ್ನ ಬರೆದ ತಾರೀಖು ನೋಡಿದ್ಯಾ?"

ಇಲ್ಲ ಎಂದು ಅವನು ತಲೆಯಾಡಿಸಿದ. ಬರಹ ನೋಡಿ ಕಣ್ಣು ಮಂಜಾಗಿತ್ತು, ತಾರೀಖು ಯಾರು ನೋಡುತ್ತಾರೆ.

"ನಾನು ನೋಡ್ತೀನಿ. ಇಪ್ಪತ್ತೆಂಟು ವರ್ಷದ ಚಾಳಿ. ಭಾನುವಾರ ಬೆಳಿಗ್ಗೆ ಒಂಬತ್ತೂ ಹತ್ತು." ರೈಟರಮ್ಮ ಒಂದೊಂದೇ ಪದ ಬಿಡಿಸಿ ಹೇಳಿದರು. "ಲಿಫ್ಟ್ ಬಿದ್ದಿದ್ದು ಶನಿವಾರ ನಾಲ್ಕು ಗಂಟೆಗೆ."

ಮೆಕ್ಯಾನಿಕ್ ಬೆರಳು ಮಡಚಿ ದಿನ ಎಣಿಸಿದ. ಲಿಫ್ಟಣ್ಣನ ಮೊಬೈಲ್ ಹೆಣದ ಮೇಲೂ ಇರಲಿಲ್ಲ, ಲಿಫ್ಟಿನ ತಳದ ಹಳ್ಳದಲ್ಲೂ ಸಿಕ್ಕಿರಲಿಲ್ಲ ಎಂದು ಪುಟ್ಟಿ ಮೆಲ್ಲಗೆ ನೆನಪಿಸಿದಳು. ಅದು ಪೊಲೀಸರ ಪಟ್ಟಿಯಲ್ಲೇ ಇತ್ತು. ಎಲ್ಲೋ ಕಳೆದಿರಬೇಕೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಬುಧವಾರದ್ದೂ ಶುಕ್ರವಾರದ್ದೂ ಗೊತ್ತಿದ್ದ ಯಾರೋ ಸತ್ತವನ ಹೆಸರಿನಲ್ಲಿ ಇವನನ್ನು ಹೊಗಳಿದ್ದರು. ಅದು ಹೊಗಳಿಕೆಯಲ್ಲ, ಕೊರಳಿಗೆ ಹಾಕಿದ ಹಗ್ಗ. ನಾಳೆ ಬೇಕೆಂದಾಗ ಎಳೆಯಲಿಕ್ಕೆ.

ಅಷ್ಟರಲ್ಲಿ ಮೆಕ್ಯಾನಿಕ್‌ನ ಕೈಯಲ್ಲಿದ್ದ ಮೊಬೈಲ್ ಟಿಣ್ ಎಂದಿತು.

ಅವನು ನೋಡಿದ. ನೋಡಿ, ಸುಟ್ಟವನಂತೆ ಅದನ್ನು ಬೆಂಚಿನ ಮೇಲೆ ಹಾಕಿದ. ರೈಟರಮ್ಮ ಎತ್ತಿಕೊಂಡರು. ಅದೇ ಖಾಕಿ ಅಂಗಿ, ಅದೇ ನರೆತ ಮೀಸೆ. ಮೇಲೆ ಈ ನಿಮಿಷದ ಸಮಯ.

"ಈ ತಮ್ಮನದು ದೊಡ್ಡ ಮನಸ್ಸು. ನಾಳೆ ಹನ್ನೊಂದಕ್ಕೆ ಠಾಣೆಗೆ ಹೋಗಿ ಎಲ್ಲ ತಪ್ಪನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಒಬ್ಬಳೇ ಹೊಲಿಗೆ ಹಾಕುತ್ತ ಕುಳಿತ ಹೆಂಡತಿಯ ಒಳ್ಳೆಯದಕ್ಕಾದರೂ."

ಅದರ ಕೆಳಗೆ ಜಾಲತಾಣದ ನಯವಾದ ಪ್ರಶ್ನೆ: "ಈ ಶಿಫಾರಸನ್ನು ನಿಮ್ಮ ಪ್ರೊಫೈಲಿಗೆ ಸೇರಿಸುವಿರಾ?"

ಸತ್ತವನ ಮೊಬೈಲ್ ಇಟ್ಟುಕೊಂಡವನಿಗೆ ಅವಳು ಮನೆಯಲ್ಲಿ ಒಬ್ಬಳೇ ಇರುವುದೂ ಗೊತ್ತಿತ್ತು. ರೈಟರಮ್ಮ ಮೊಬೈಲನ್ನು ಅಲುಗಾಡದಂತೆ ಎರಡು ಕೈಯಲ್ಲಿ ಹಿಡಿದರು.

"ಪುಟ್ಟಿ, ಫೋಟೊ ಹೊಡಿ" ಎಂದರು. "ಆಮೇಲೆ ಅವನ ಹೆಂಡ್ತಿಗೆ ಫೋನ್ ಹಚ್ಚು."

ಪುಟ್ಟಿ ಫೋಟೊ ಹೊಡೆದಳು. ಆಮೇಲೆ ಫೋನ್ ಹಚ್ಚಿದಳು. ಅದು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.